ಮರುದನಿಗೂ ತಾಳ ಕೇಳಿಸಬೇಕು

ಗಣೇಶನ ಹಬ್ಬದ ಪೆಂಡಾಲು. ಊರವರೆಲ್ಲ ಊಟ ಮುಗಿಸಿ ಬಂದು ಕುರ್ಚಿ ಹಿಡಿದಾಗಿತ್ತು. ಆಗ ನಾನು ಮಲೆನಾಡಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಕಾಲಬುಡದಲ್ಲಿ ಹೊಸದಾಗಿ ಕೊಂಡ ಡಿಲೇ ಪೆಡಲ್ ಇತ್ತು. ನುಡಿಸಿದ ಸ್ವರವನ್ನು ಹಿಡಿದಿಟ್ಟುಕೊಂಡು, ಇಷ್ಟು ಹೊತ್ತು ಎಂದು ಹೇಳಿದಷ್ಟು ಹೊತ್ತು ಬಿಟ್ಟು, ಮತ್ತೆ ಮತ್ತೆ ಮರಳಿಸಿ ಕೊಡುವ ಪೆಟ್ಟಿಗೆ ಅದು. ಸಂಜೆಯ ಸೌಂಡ್ ಚೆಕ್‌ನಲ್ಲಿ ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಎಂದು ನೋಡಿಕೊಂಡು, ಪೆಡಲ್ಲಿನ ನಾಬನ್ನು 500 ಮಿಲಿಸೆಕೆಂಡಿಗೆ ತಿರುಗಿಸಿಟ್ಟಿದ್ದೆ. ಒಂದು ಬೀಟಿಗೆ ಸರಿಯಾಗಿ ಒಂದು ಮರುದನಿ ಬರುತ್ತಿತ್ತು. ಕೇಳಲು ಬಹಳ ಚೆನ್ನಾಗಿತ್ತು.

ರಾತ್ರಿ ಹಾಡು ಶುರುವಾಯಿತು. ಮುಂದಿನ ಸಾಲಿನ ಹುಡುಗರು ಎದ್ದು ಕುಣಿಯತೊಡಗಿದರು. ಅವರನ್ನು ಕಂಡು ಪ್ಯಾಡ್ ಬಾರಿಸುವವನ ಕೈಗೂ ಹುರುಪು ಬಂತು. ವೇಗ 120ರಿಂದ 124ಕ್ಕೆ ಏರಿತು. ಅಷ್ಟು ಏರಿದ್ದು ಕೇಳುವವರಿಗೆ ತಿಳಿಯುವುದೂ ಇಲ್ಲ, ಹಾಡಿಗೆ ಜೀವ ಬಂತು ಎನ್ನಿಸುತ್ತದೆ ಅಷ್ಟೇ. ಆದರೆ ನನ್ನ ಗಿಟಾರ್ ಸಾಲು ಕಲಸಿಹೋಯಿತು. ನಾನು ನುಡಿಸುವುದು ತಾಳದಲ್ಲೇ ಇತ್ತು, ಆದರೂ ಒಟ್ಟು ಕೇಳಿಸುವುದು ತಾಳ ತಪ್ಪಿತ್ತು. ಹಾಡಿನ ನಡುವೆಯೇ ಪೆಡಲ್ ಆಫ್ ಮಾಡಿ ಬರೀ ಗಿಟಾರಿನಲ್ಲಿ ಹಾಡು ಮುಗಿಸಿದೆ.

ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಕೂತಿದ್ದರು. ಯಕ್ಷಗಾನ ಮೇಳದಲ್ಲಿ ಬಹಳ ವರ್ಷ ಮದ್ದಳೆ ಬಾರಿಸಿದವರು. ವೇದಿಕೆಯ ಹಿಂದೆ ಬಂದು ಹೇಳಿದರು: "ನೀ ಸರಿಯಾಗೇ ಬಾರಿಸ್ತಿದ್ದೆ ಮಾರಾಯ. ನಿನ್ನ ಹಿಂದೆ ಇನ್ನೊಬ್ಬ ಬಾರಿಸ್ತಿದ್ನಲ್ಲ, ಅವನಿಗೆ ತಾಳ ಕೇಳ್ತಾ ಇರ್ಲಿಲ್ಲ."

ಹಿಂದೆ ಯಾರೂ ಇರಲಿಲ್ಲ ದೊಡ್ಡಪ್ಪ, ಅದು ಈ ಪೆಟ್ಟಿಗೆ ಎಂದು ತೋರಿಸಿದೆ. ಅವರು ಬಗ್ಗಿ ನೋಡಿ, "ಅದಕ್ಕೆ ಸಮ ಎಲ್ಲಿ ಅಂತ ಯಾರು ಹೇಳ್ತಾರೆ?" ಎಂದು ಕೇಳಿದರು.

ಡಿಜಿಟಲ್ ಎಫೆಕ್ಟ್‌ಗಳ ವೇಗವನ್ನು ಹಾಡಿನ ವೇಗಕ್ಕೆ ಕಟ್ಟಿಹಾಕುವ ವಿದ್ಯೆಯ ಬಗ್ಗೆ ಆಮೇಲೆ ನಾನು ಓದಿದ್ದು, ಕೈಯಾರೆ ಮಾಡಿ ನೋಡಿದ್ದು ಎಲ್ಲವೂ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ವೇಗ ಎಷ್ಟು ಎಂದು ಯಂತ್ರಕ್ಕೆ ಹೇಳುವುದು ಅರ್ಧ ಕೆಲಸ. ಸಮ, ಅಂದರೆ ಆವರ್ತ ಶುರುವಾಗುವ ಜಾಗ, ಎಲ್ಲಿದೆ ಎಂದು ಹೇಳುವುದು ಉಳಿದರ್ಧ. ಪೆಡಲ್ ಕೊಳ್ಳುವ ಹೆಚ್ಚಿನವರು ಮೊದಲರ್ಧದಲ್ಲೇ ನಿಂತುಬಿಡುತ್ತಾರೆ.

ಆ ರಾತ್ರಿ ಆದದ್ದರ ಲೆಕ್ಕ ಹೀಗೆ. 60,000 ಮಿಲಿಸೆಕೆಂಡನ್ನು ನಿಮಿಷದ ಬೀಟುಗಳಿಂದ ಭಾಗಿಸಿದರೆ ಒಂದು ಬೀಟಿನ ಉದ್ದ ಸಿಗುತ್ತದೆ. 120ಕ್ಕೆ 500, 124ಕ್ಕೆ ಸುಮಾರು 484. ಅಂದರೆ ನನ್ನ ಮೊದಲ ಮರುದನಿ 16 ಮಿಲಿಸೆಕೆಂಡು ತಡವಾಗಿ ಬಿತ್ತು. ಅಷ್ಟನ್ನು ಕಿವಿ ಕ್ಷಮಿಸುತ್ತದೆ. ಆದರೆ ಎರಡನೆಯ ಮರುದನಿ ಹುಟ್ಟುವುದು ಮೊದಲ ಮರುದನಿಯಿಂದ. ಅದು 32 ತಡ. ಮೂರನೆಯದು 48, ನಾಲ್ಕನೆಯದು 64. ಆ ವೇಗದಲ್ಲಿ ಬೀಟಿನ ಕಾಲು ಭಾಗವೇ 121 ಮಿಲಿಸೆಕೆಂಡು. ನಾಲ್ಕನೆಯ ಮರುದನಿ ಅದರ ಅರ್ಧಕ್ಕಿಂತ ಹೆಚ್ಚು ಜಾರಿತ್ತು, ಯಾವ ಕಾಲು ಭಾಗಕ್ಕೂ ಸೇರದೆ ನಡುವೆ ನಿಂತಿತ್ತು. ತಪ್ಪು ಸಣ್ಣದಿದ್ದರೂ ಡಿಲೇ ಅದನ್ನು ಬಡ್ಡಿ ಸೇರಿಸುತ್ತ ಬೆಳೆಸುತ್ತದೆ.

ಮರುದನಿ ಸರಿಯಾದ ಜಾಗದಲ್ಲಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಮೃದಂಗದ ಪಾಠಕ್ಕೆ ಹೋದವರಿಗೆ ಸುಲಭವಾಗಿ ತೋರಿಸಬಹುದು. ಚತುರಶ್ರ ನಡೆಯಲ್ಲಿ ಒಂದು ಬೀಟಿಗೆ ತ-ಕ-ಧಿ-ಮಿ ಎಂಬ ನಾಲ್ಕು ಅಕ್ಷರ. ಗಿಟಾರಿನಲ್ಲಿ ತ ಮತ್ತು ಧಿ ಮಾತ್ರ ನುಡಿಸಿ, ಕ ಮತ್ತು ಮಿ ಬಿಟ್ಟುಬಿಡಿ. ಡಿಲೇಯನ್ನು ಮೂರು ಅಕ್ಷರದ ಉದ್ದಕ್ಕೆ ಇಡಿ. 120ರ ವೇಗದಲ್ಲಿ ಒಂದು ಅಕ್ಷರ 125 ಮಿಲಿಸೆಕೆಂಡು, ಮೂರು ಅಕ್ಷರ 375. ಈಗ ಮೊದಲ ತ ನುಡಿಸಿದರೆ ಮೂರು ಅಕ್ಷರ ದಾಟಿ ಅದರ ಮರುದನಿ ಮಿ ಮೇಲೆ ಬೀಳುತ್ತದೆ. ಧಿ ನುಡಿಸಿದರೆ ಅದರ ಮರುದನಿ ಮುಂದಿನ ಬೀಟಿನ ಕ ಮೇಲೆ ಬೀಳುತ್ತದೆ. ನೀವು ನುಡಿಸದೆ ಬಿಟ್ಟ ಎರಡು ಮನೆಗಳೂ ತುಂಬಿದವು. ಕೈ ನುಡಿಸಿದ್ದು ಎರಡು ಅಕ್ಷರ, ಕಿವಿಗೆ ಬಿದ್ದದ್ದು ತುಂಬಿದ ತಕಧಿಮಿ. ಎರಡನೆಯ ಮರುದನಿ ಆರು ಅಕ್ಷರ ದಾಟಿ ಬರುವುದರಿಂದ ಅದು ಮುಂದಿನ ಬೀಟಿನ ಧಿ ಜೊತೆ, ನೀವು ಹೊಸದಾಗಿ ನುಡಿಸುವ ಸ್ವರದ ಜೊತೆಗೇ ಕೂಡುತ್ತದೆ. ಸ್ವರಗಳನ್ನು ಯೋಚಿಸಿ ಆರಿಸಿದ್ದರೆ ಅಲ್ಲಿ ತಾನಾಗಿ ಜೋಡಿಸ್ವರ ಹುಟ್ಟುತ್ತದೆ.

ಪಾಶ್ಚಾತ್ಯ ಸಂಗೀತಗಾರರು ಇದನ್ನು ಡಾಟೆಡ್ ಎಯ್ತ್ ಡಿಲೇ ಎನ್ನುತ್ತಾರೆ. ಐರ್ಲೆಂಡಿನ ಯು2 ತಂಡದ ಗಿಟಾರ್ ವಾದಕ ದಿ ಎಡ್ಜ್ ಇದರ ಮೇಲೆಯೇ ತಮ್ಮ ಶೈಲಿ ಕಟ್ಟಿದರು. 1987ರ 'ದಿ ಜೋಶುವಾ ಟ್ರೀ' ಆಲ್ಬಮ್ಮಿನ 'ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್' ಹಾಡಿನ ಗಿಟಾರ್ ಕೇಳಿದವರಿಗೆ ಇಬ್ಬರು ಮೂವರು ನುಡಿಸುತ್ತಿದ್ದಾರೆ ಎನ್ನಿಸುತ್ತದೆ. ಇರುವುದು ಒಬ್ಬರೇ, ಜೊತೆಗೆ ಮೂರಕ್ಷರ ಹಿಂದೆ ನಡೆದುಬರುವ ಅವರದೇ ದನಿ. ನಾಲ್ಕರ ನಡೆಯೊಳಗೆ ಮೂರರ ಹೆಜ್ಜೆ ಹಾಕಿ ಸಮಕ್ಕೆ ಬಂದು ಕೂಡುವ ಸುಖ ಕೋರ್ವೆ ಕೇಳಿ ಬೆಳೆದ ನಮಗೆ ಹೊಸದಲ್ಲ. ಈ ಡಿಲೇ ಕೈಗೆ ಸಿಕ್ಕಾಗ ನನಗೆ ಹತ್ತಿರದ್ದು ಅನ್ನಿಸಿದ್ದು ಅದಕ್ಕೇ. ಆದರೆ ಈ ಸುಖಕ್ಕೆ ಕ್ಷಮೆಯ ಗುಣ ಕಡಿಮೆ. 375ರ ಬದಲು 400 ಇಟ್ಟರೆ ಮಿ ಮೇಲೆ ಬೀಳಬೇಕಾದ ದನಿ ಮಿ ದಾಟಿ ಕುಂಟುತ್ತದೆ.

ಮೊದಮೊದಲು ಈ ಕಾಲವನ್ನು ಅಳೆಯುತ್ತಿದ್ದದ್ದು ಟೇಪು. ಒಂದು ತಲೆ ದನಿಯನ್ನು ಟೇಪಿನ ಮೇಲೆ ಬರೆಯುತ್ತದೆ, ಸ್ವಲ್ಪ ದೂರದಲ್ಲಿರುವ ಇನ್ನೊಂದು ತಲೆ ಅದನ್ನು ಓದುತ್ತದೆ. ಟೇಪು ಆ ದೂರವನ್ನು ಎಷ್ಟು ಹೊತ್ತಿನಲ್ಲಿ ಕ್ರಮಿಸಿತೋ ಅಷ್ಟೇ ಡಿಲೇ. 1959ರ ಎಕೋಪ್ಲೆಕ್ಸ್‌ನಲ್ಲಿ ತಲೆಯನ್ನೇ ಹಿಂದೆಮುಂದೆ ಜಾರಿಸಬಹುದಿತ್ತು. 1974ರಲ್ಲಿ ಬಂದ ರೋಲ್ಯಾಂಡ್ ಸ್ಪೇಸ್ ಎಕೋ ಆರ್‌ಇ-201ರಲ್ಲಿ ಓದುವ ತಲೆಗಳು ಮೂರು, ಅಲುಗಾಡುವಂತಿರಲಿಲ್ಲ. ಮೋಟಾರಿನ ವೇಗ ಬದಲಿಸಬೇಕಿತ್ತು. ಹಾಡು ಓಡಿದರೆ ನುಡಿಸುವವನು ಕಿವಿಗೊಟ್ಟು ಕೇಳುತ್ತ ಬೆರಳಿನಿಂದ ನಾಬ್ ತಿರುಗಿಸಿ ಮರುದನಿಯನ್ನು ಹಾಡಿನ ಹಿಂದೆ ಓಡಿಸಬೇಕು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಕಿಂಗ್ ಟಬ್ಬಿ ಎಂಬ ಎಲೆಕ್ಟ್ರಾನಿಕ್ಸ್ ಕುಶಲಿ 1970ರ ದಶಕದಲ್ಲಿ ಡಬ್ ಸಂಗೀತವನ್ನು ಕಟ್ಟಿದ್ದು ಹೀಗೆ ಕೈ, ಕಿವಿ, ಟೇಪು ಮೂರನ್ನೂ ಒಂದುಮಾಡಿಕೊಂಡು.

ಟೇಪಿನ ಬದಲು ಚಿಪ್ ಬಂತು. ಬಾವಿಯಿಂದ ತೋಟದ ತನಕ ಜನ ಸಾಲಾಗಿ ನಿಂತು ಕೊಡದಿಂದ ಕೊಡಕ್ಕೆ ನೀರು ಸಾಗಿಸುವಂತೆ, ಸಾವಿರಾರು ಸಣ್ಣ ಕೆಪಾಸಿಟರುಗಳು ದನಿಯ ತುಣುಕನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. 1969ರಲ್ಲಿ ಫಿಲಿಪ್ಸ್ ಕಂಪನಿಯಲ್ಲಿ ಹುಟ್ಟಿದ ಈ ಉಪಾಯಕ್ಕೆ ಬಕೆಟ್ ಬ್ರಿಗೇಡ್ ಎಂದೇ ಹೆಸರು. ಎಂಎನ್3005 ಎಂಬ ಪ್ರಸಿದ್ಧ ಚಿಪ್ಪಿನಲ್ಲಿ 4,096 ಮನೆಗಳು. ದಾಟಿಸು ಎಂದು ಹೇಳುವ ಗಡಿಯಾರ ಸೆಕೆಂಡಿಗೆ 10,000 ಸಲ ಬಡಿದರೆ ದನಿ ಆ ಕೊನೆಗೆ ಮುಟ್ಟಲು ಸುಮಾರು 205 ಮಿಲಿಸೆಕೆಂಡು. ಗಡಿಯಾರ ನಿಧಾನವಾದರೆ ಡಿಲೇ ಉದ್ದವಾಗುತ್ತದೆ, ದನಿಯೂ ಸ್ವಲ್ಪ ಮಂಕಾಗುತ್ತದೆ. ಆ ಮಂಕನ್ನೇ ಇಷ್ಟಪಡುವವರು ಇಂದಿಗೂ ಇದ್ದಾರೆ. ನಾನೂ ಅವರಲ್ಲೊಬ್ಬ.

ಡಿಜಿಟಲ್ ಡಿಲೇಯಲ್ಲಿ ದನಿಯೆಂದರೆ ಅಂಕೆ. ಸಿಡಿಯ ಮಟ್ಟದಲ್ಲಿ ಸೆಕೆಂಡಿಗೆ 44,100 ಅಂಕೆ. ಇವನ್ನು ವೃತ್ತಾಕಾರದ ಪಟ್ಟಿಯಲ್ಲಿ ಒಂದು ಕೈ ಬರೆಯುತ್ತ ಸುತ್ತುತ್ತದೆ, ಇನ್ನೊಂದು ಕಣ್ಣು ಓದುತ್ತ ಅದರ ಹಿಂದೆಯೇ ಸುತ್ತುತ್ತದೆ. ಇವೆರಡರ ನಡುವೆ 22,050 ಅಂಕೆಗಳ ಅಂತರವಿದ್ದರೆ ಡಿಲೇ 500 ಮಿಲಿಸೆಕೆಂಡು. ವೇಗ 124ಕ್ಕೆ ಏರಿದರೆ ಅಂತರ ಸುಮಾರು 21,340ಕ್ಕೆ ಇಳಿಯಬೇಕು. ಇಲ್ಲಿ ಪೆಡಲ್ ಮಾಡುವವರು ಒಂದು ಸಂಕಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಓದುವ ಕಣ್ಣು ಥಟ್ಟನೆ ಮುಂದಕ್ಕೆ ಹಾರಿದರೆ ದನಿಯ ಅಲೆ ನಡುವೆ ಕತ್ತರಿಸಿ 'ಟಪ್' ಎಂಬ ಸದ್ದು. ಹಾರುವ ಬದಲು ಬೇಗಬೇಗ ನಡೆದು ಅಂತರ ಕಡಿಮೆ ಮಾಡಿಕೊಂಡರೆ, ನಡೆಯುವಷ್ಟು ಹೊತ್ತೂ ಶ್ರುತಿ ಮೇಲಕ್ಕೇರುತ್ತದೆ. ಮೋಟಾರಿನ ವೇಗ ಬದಲಿಸಿದಾಗ ಟೇಪು ಮಾಡುತ್ತಿದ್ದದ್ದೂ ಇದನ್ನೇ. ಮೂರನೆಯ ದಾರಿ, ಎರಡು ಕಣ್ಣು ಇಟ್ಟುಕೊಳ್ಳುವುದು. ಹಳೆಯ ಜಾಗದಲ್ಲಿ ಓದುವ ಕಣ್ಣಿನ ದನಿ ಮೆಲ್ಲಗೆ ಇಳಿಯುತ್ತ ಹೊಸ ಜಾಗದ ದನಿ ಏರುತ್ತದೆ. ಶ್ರುತಿ ಅಲುಗದೆ ತಾಳ ಬದಲಾಗಬೇಕಾದರೆ ಇದೇ ಸರಿ. ವೇಗ ಏರಿಳಿಯುವ ತಂಡದಲ್ಲಿ ನುಡಿಸುವವರು ಪೆಡಲ್ ಕೊಳ್ಳುವ ಮುನ್ನ ಅಂಗಡಿಯಲ್ಲೇ, ದನಿ ಮರಳುತ್ತಿರುವಾಗ ವೇಗ ಬದಲಿಸಿ ಕೇಳಿನೋಡಬೇಕು. ಪೆಡಲ್ಲಿನ ನಿಜವಾದ ಸ್ವಭಾವ ಗೊತ್ತಾಗುವುದು ಆಗಲೇ.

ಸರಿ, ವೇಗ ಬದಲಾಯಿತು ಎಂದು ಪೆಟ್ಟಿಗೆಗೆ ತಿಳಿಯುವುದು ಹೇಗೆ?

ಎಲ್ಲಕ್ಕಿಂತ ಸರಳ ಉಪಾಯ ಟ್ಯಾಪ್ ಟೆಂಪೊ. ಪೆಡಲ್ಲಿನ ಗುಂಡಿಯನ್ನು ಕಾಲಿನಿಂದ ತಾಳಕ್ಕೆ ಸರಿಯಾಗಿ ತಟ್ಟುವುದು. ಎರಡು ತಟ್ಟಿನ ನಡುವಿನ ಕಾಲವನ್ನು ಯಂತ್ರ ಅಳೆದುಕೊಳ್ಳುತ್ತದೆ. ಕಾಲು 10 ಮಿಲಿಸೆಕೆಂಡು ಮುಂದಾದರೆ ಸಾಕು, 120 ಎನ್ನುವುದು 122.4 ಆಗುತ್ತದೆ. ಹಾಗಾಗಿ ಒಳ್ಳೆಯ ಪೆಡಲ್‌ಗಳು ನಾಲ್ಕೈದು ತಟ್ಟುಗಳ ಸರಾಸರಿ ತೆಗೆಯುತ್ತವೆ. ಎರಡೇ ಸಲ ತಟ್ಟಿ ಕಾಲು ತೆಗೆಯಬಾರದು; ನಾಲ್ಕು ಸಲವಾದರೂ ತಟ್ಟಬೇಕು. ಗುಂಡಿಯ ಮೇಲೆ ಕಾಲಿಡುವ ಮೊದಲು ನೆಲದ ಮೇಲೆ ಒಂದು ಆವರ್ತ ತಟ್ಟಿ, ಮೈಗೆ ಲಯ ಬಂದ ಮೇಲೆ ಕಾಲನ್ನು ಗುಂಡಿಗೆ ಸರಿಸುವುದು ನನ್ನ ರೂಢಿ.

ಡಿಲೇಗೆ ಇಷ್ಟು ಸಾಕು. ಏಕೆಂದರೆ ಡಿಲೇ ಸಮವನ್ನು ತಾನು ಹುಡುಕಬೇಕಾಗಿಲ್ಲ. ನಾನು ಸಮಕ್ಕೆ ನುಡಿಸಿದರೆ ಅದರ ಮರುದನಿ ಅಲ್ಲಿಂದಲೇ ಲೆಕ್ಕ ಹಿಡಿಯುತ್ತದೆ. ಅದಕ್ಕೆ ಬೇಕಾದದ್ದು ಉದ್ದ ಮಾತ್ರ, ಜಾಗವನ್ನು ನನ್ನ ಕೈಯೇ ಕೊಡುತ್ತದೆ.

ಟ್ರೆಮೊಲೊ ಹಾಗಲ್ಲ. ಅದು ದನಿಯ ಗಟ್ಟಿತನವನ್ನು ಅಲೆಯಂತೆ ಏರಿಸಿ ಇಳಿಸುವ ಎಫೆಕ್ಟ್. ಫೇಸರ್, ಫಿಲ್ಟರ್ ಸ್ವೀಪುಗಳೂ ಇದೇ ಜಾತಿ. ಒಳಗೊಂದು ನಿಧಾನದ ಅಲೆ ನಾನು ನುಡಿಸಲಿ ಬಿಡಲಿ ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ವೇಗ ಸರಿಯಾಗಿದ್ದೂ ಅಲೆಯ ತುದಿ ಸಮದ ಮೇಲೆ ಬೀಳದಿದ್ದರೆ? ಡ್ರಮ್ಮಿನ ಪೆಟ್ಟು ಬೀಳುವ ಹೊತ್ತಿಗೆ ಗಿಟಾರ್ ಕುಗ್ಗಿರುತ್ತದೆ, ಪೆಟ್ಟು ಕಳೆದ ಮೇಲೆ ಉಬ್ಬುತ್ತದೆ. ಹಾಡಿನ ಉದ್ದಕ್ಕೂ ಅಷ್ಟೇ ಅಳತೆಯ ತಪ್ಪು. ದೊಡ್ಡಪ್ಪನ ಭಾಷೆಯಲ್ಲಿ ಹೇಳುವುದಾದರೆ ಕಾಲಪ್ರಮಾಣ ಸರಿ, ಎಡುಪು ತಪ್ಪು. ವೇಗದ ಅಂಕೆ ಸರಿಯಿದ್ದೂ ಏನೋ ಕೂಡುತ್ತಿಲ್ಲ ಎಂದು ತಿಂಗಳುಗಟ್ಟಲೆ ಒದ್ದಾಡಿದ ಗಿಟಾರ್ ವಾದಕರನ್ನು ನಾನು ಕಂಡಿದ್ದೇನೆ. ಕೆಲವು ಪೆಡಲ್‌ಗಳಲ್ಲಿ ಕೊನೆಯ ತಟ್ಟನ್ನೇ ಸಮವೆಂದು ತಿಳಿದು ಅಲೆಯನ್ನು ಅಲ್ಲಿಂದ ಹೊಸದಾಗಿ ಶುರುಮಾಡುವ ವ್ಯವಸ್ಥೆ ಇದೆ. ಅದಿಲ್ಲದ ಟ್ರೆಮೊಲೊವನ್ನು ತಾಳಕ್ಕೆ ಕಟ್ಟಲು ಹೊರಡುವುದೇ ಬೇಡ. ತಾಳದ ಹಂಗಿಲ್ಲದೆ ಬಿಡಿಯಾಗಿ ತೇಲಲು ಬಿಟ್ಟರೆ ಅದು ಎಷ್ಟೋ ಚೆಂದ.

ವೇಗ ಮತ್ತು ಜಾಗ ಎರಡನ್ನೂ ತಂತಿಯಲ್ಲಿ ಕಳುಹಿಸುವ ಏರ್ಪಾಡು ಮಿಡಿ ಕ್ಲಾಕ್. ಅದಕ್ಕೂ ಮುಂಚೆ ರೋಲ್ಯಾಂಡ್ ಕಂಪನಿ ತನ್ನ ಯಂತ್ರಗಳ ನಡುವೆ ಒಂದು ಸಿಂಕ್ ಕೇಬಲ್ ಕೊಟ್ಟಿತ್ತು. ಒಂದು ತಂತಿಯಲ್ಲಿ ಮಿಡಿತ, ಇನ್ನೊಂದರಲ್ಲಿ ಹೊರಡು-ನಿಲ್ಲು. 1982ರಲ್ಲಿ ಬಾಂಬೆಯ ಚರಣಜಿತ್ ಸಿಂಗ್, ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು, ರೋಲ್ಯಾಂಡಿನ ಟಿಆರ್-808 ತಾಳಯಂತ್ರ, ಟಿಬಿ-303 ಬಾಸ್ ಯಂತ್ರ ಮತ್ತು ಜುಪಿಟರ್-8 ಸಿಂಥಸೈಸರ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳದಲ್ಲಿ ನುಡಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಮರುಮುದ್ರಣಗೊಂಡಾಗ, ಆ ರೆಕಾರ್ಡ್ ಆಗಿ ಐದಾರು ವರ್ಷಕ್ಕೆ ಶಿಕಾಗೊದಲ್ಲಿ ಹುಟ್ಟಿದ ಆಸಿಡ್ ಹೌಸ್ ಸಂಗೀತವನ್ನು ಇದು ಮೊದಲೇ ಮುಟ್ಟಿತ್ತಲ್ಲ ಎಂದು ಲೋಕ ಬೆರಗಾಯಿತು. ಆ ರೆಕಾರ್ಡಿನಲ್ಲಿ ಯಂತ್ರದ ತಾಳ ಒಂದು ಕೂದಲೂ ಅಲುಗುವುದಿಲ್ಲ. ಅದರ ಮೇಲೆ ರಾಗ ತನ್ನ ಪಾಡಿಗೆ ಜಾರುತ್ತ ಬಳುಕುತ್ತ ಹೋಗುತ್ತದೆ. ತಾಳ ಹಿಡಿಯುವ ಚಿಂತೆ ಯಂತ್ರಕ್ಕೆ ಬಿಟ್ಟ ಮನುಷ್ಯನ ಕೈಗೆ ಎಷ್ಟು ಬಿಡುವು ಸಿಗುತ್ತದೆ ಎಂದು ನಾನು ಮೊದಲು ಅರಿತದ್ದು ಅದನ್ನು ಕೇಳಿಯೇ.

ಮರುವರ್ಷ, 1983ರ ಜನವರಿಯಲ್ಲಿ, ಅಮೆರಿಕದ ನ್ಯಾಮ್ ವಾದ್ಯಮೇಳದಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜುಪಿಟರ್-6 ಒಂದಕ್ಕೊಂದು ಕೇಬಲ್ ಕಟ್ಟಿಕೊಂಡು ಮಾತಾಡಿದವು. ಪೈಪೋಟಿಯ ಎರಡು ಕಂಪನಿಗಳ ವಾದ್ಯಗಳು ಒಂದೇ ಭಾಷೆಗೆ ಒಪ್ಪಿದ್ದವು. ಮಿಡಿ ಎಂಬ ಆ ಭಾಷೆಗೆ ಮುಂದಾಳಾದವರು ಡೇವ್ ಸ್ಮಿತ್ ಮತ್ತು ಇಕುಟಾರೊ ಕಾಕೆಹಾಶಿ. ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಸಂದಿತು.

ಮಿಡಿ ಕ್ಲಾಕಿನ ಬಗ್ಗೆ ನನಗೆ ತುಂಬ ಹಿಡಿಸಿದ ವಿಷಯವೊಂದಿದೆ. ಅದು ವೇಗ 120 ಎಂದು ಯಾವತ್ತೂ ಹೇಳುವುದಿಲ್ಲ. ಬೀಟಿಗೆ 24 ಸಲ 248 ಎಂಬ ಒಂದೇ ಅಂಕೆಯನ್ನು ತಂತಿಗೆ ಬಿಡುತ್ತದೆ. ಈಗ, ಈಗ, ಈಗ ಎನ್ನುತ್ತದೆ, ಅಷ್ಟೇ. ಎಣಿಸಿಕೊಂಡು ವೇಗ ಅರಿಯುವುದು ಕೇಳುವ ಯಂತ್ರದ ಪಾಡು. ಯಕ್ಷಗಾನದಲ್ಲಿ ಕೈಯಲ್ಲಿ ತಾಳವೋ ಜಾಗಟೆಯೋ ಹಿಡಿದ ಭಾಗವತರು ಚೆಂಡೆ ಮದ್ದಳೆಯವರಿಗೆ ಅಂಕೆ ಹೇಳುವುದುಂಟೆ? ಅವರು ತಾಳ ಹಾಕುತ್ತಾರೆ, ಉಳಿದವರು ಅದನ್ನು ಮೈಗೆ ತಂದುಕೊಳ್ಳುತ್ತಾರೆ. 250 ಎಂದರೆ ಮೊದಲಿನಿಂದ ಹೊರಡು, 251 ಎಂದರೆ ನಿಂತಲ್ಲಿಂದ ಮುಂದುವರಿ, 252 ಎಂದರೆ ನಿಲ್ಲು. ಸಮ ಇರುವುದು ಆ 250ರಲ್ಲಿ. ಹಾಡು ನಡೆಯುತ್ತಿರುವಾಗ ಯಾವುದೋ ಪೆಡಲ್ಲಿಗೆ ಕೇಬಲ್ ಚುಚ್ಚಿದರೆ ಅದಕ್ಕೆ 248ಗಳು ಸಿಗುತ್ತವೆ, 250 ಆಗಲೇ ಹೋಗಿಬಿಟ್ಟಿರುತ್ತದೆ. ವೇಗ ಗೊತ್ತಾಗುತ್ತದೆ, ಸಮ ಗೊತ್ತಾಗುವುದಿಲ್ಲ. ಡಿಲೇ ಪೆಡಲ್ ಇಂಥ ಹೊತ್ತಲ್ಲೂ ನಿಭಾಯಿಸಿಬಿಡುತ್ತದೆ, ಟ್ರೆಮೊಲೊ ಎಲ್ಲೋ ನಿಂತು ತೂಗಾಡುತ್ತದೆ. ಆದ್ದರಿಂದ ಕೇಬಲ್‌ಗಳನ್ನೆಲ್ಲ ಮೊದಲೇ ಹಾಕಿ, ಆಮೇಲೆ ಗಡಿಯಾರ ಹೊರಡಿಸಬೇಕು.

ಇಪ್ಪತ್ತನಾಲ್ಕೇ ಏಕೆ? ಅದು 2, 3, 4, 6, 8, 12ರಿಂದ ಭಾಗವಾಗುತ್ತದೆ. ಚತುರಶ್ರದ ಒಂದು ಅಕ್ಷರಕ್ಕೆ 6 ಮಿಡಿತ, ತಿಶ್ರದ ಒಂದು ಅಕ್ಷರಕ್ಕೆ 8, ಮೊದಲು ಹೇಳಿದ ಮೂರಕ್ಷರದ ಡಿಲೇಗೆ 18. ಎಲ್ಲವೂ ಪೂರ್ಣಸಂಖ್ಯೆ. ಆದರೆ ಖಂಡ ನಡೆ? ತ-ಕ-ತ-ಕಿ-ಟ ಎಂಬ ಐದಕ್ಷರ. 24ನ್ನು 5ರಿಂದ ಭಾಗಿಸಿದರೆ 4.8. ಮಿಶ್ರದ ಏಳಕ್ಷರಕ್ಕಂತೂ ದಶಮಾಂಶ ಮುಗಿಯುವುದೇ ಇಲ್ಲ. ಕಂಪ್ಯೂಟರಿನ ಸಂಗೀತ ತಂತ್ರಾಂಶಗಳು ಒಳಗೊಳಗೆ ಬೀಟನ್ನು 480 ಅಥವಾ 960 ತುಣುಕು ಮಾಡಿಕೊಳ್ಳುವುದು ಸಾಮಾನ್ಯ. ಅಲ್ಲಿ ಖಂಡ ಸರಿಯಾಗಿ ಕೂರುತ್ತದೆ, ಮಿಶ್ರ ಅಲ್ಲೂ ಕೂರುವುದಿಲ್ಲ. ಲೆಕ್ಕ ಬಲ್ಲ ಯಂತ್ರ ಎರಡು ಮಿಡಿತಗಳ ನಡುವಿನ ಜಾಗವನ್ನು ತಾನೇ ಅಂದಾಜಿಸಿಕೊಳ್ಳಬಲ್ಲದು, ಅದು ತಡೆಯಾಗಬೇಕಿಲ್ಲ. ತಡೆಯಿರುವುದು ಪೆಡಲ್ಲಿನ ಮುಖದ ಮೇಲೆ. ಅಲ್ಲಿ ಸಾಮಾನ್ಯವಾಗಿ ಕಾಣುವುದು ಪೂರ್ಣ ಬೀಟು, ಅರ್ಧ, ಕಾಲು, ಮುಕ್ಕಾಲು, ತಿಶ್ರ ಇಷ್ಟೇ. ಐದರ ಮನೆ ಕೊಟ್ಟಿರುವ ಪೆಡಲ್ ಅಪರೂಪ. ಖಂಡ ನಡೆ ನಮ್ಮಲ್ಲಿ ಮಕ್ಕಳಿಗೂ ಹೇಳಿಕೊಡುವ ಸಂಗತಿ, ಯಂತ್ರ ಮಾಡುವವರಿಗೆ ಅದು ಹೊರಗಿನದ್ದಾಗಿ ಉಳಿದಿದೆ. ಇದು ನನಗೆ ನೋವಿನ ವಿಷಯ. ಬೆಂಗಳೂರಿನಲ್ಲಿ ಕೂತು ಧ್ವನಿಯ ತಂತ್ರಾಂಶ ಬರೆಯುವ ನಮ್ಮ ಹುಡುಗ ಹುಡುಗಿಯರು ಮನಸ್ಸು ಮಾಡಿದರೆ ಪಟ್ಟಿಗೆ ಎರಡು ಸಾಲು ಸೇರಿಸುವುದು ದೊಡ್ಡ ಕೆಲಸವಲ್ಲ.

ಅಲ್ಲಿಯವರೆಗೆ ಕೈಲೆಕ್ಕವೇ ಗತಿ. ವೇಗ 80 ಇದ್ದರೆ ಬೀಟು 750 ಮಿಲಿಸೆಕೆಂಡು, ಖಂಡದ ಒಂದು ಅಕ್ಷರ 150. ಡಿಲೇಯನ್ನು 450ಕ್ಕೆ ಇಟ್ಟು ತ-ಕ-ತ-ಕಿ-ಟದ ಮೊದಲ ಅಕ್ಷರ ಮಾತ್ರ ನುಡಿಸಿ. ಮರುದನಿ ಮೂರಕ್ಷರ ದಾಟಿ ಕಿ ಮೇಲೆ ಬೀಳುತ್ತದೆ. ಅದರ ಮರುದನಿ ಆರಕ್ಷರ ದಾಟಿ ಮುಂದಿನ ಬೀಟಿನ ಎರಡನೆಯ ಅಕ್ಷರದ ಮೇಲೆ. ಐದರೊಳಗೆ ಮೂರು ಹೆಣೆದುಕೊಳ್ಳುತ್ತ ಹೋಗುವುದನ್ನು ಒಬ್ಬರೇ ಕೂತು ಒಂದು ಸಂಜೆ ಕೇಳಿನೋಡಿ.

ಮಿಡಿತ ಅಲುಗಾಡುವುದೂ ಉಂಟು. 120ರ ವೇಗದಲ್ಲಿ ಒಂದು ಮಿಡಿತದಿಂದ ಇನ್ನೊಂದಕ್ಕೆ 20.8 ಮಿಲಿಸೆಕೆಂಡು. ಗಡಿಯಾರ ಕಳುಹಿಸುವ ಕಂಪ್ಯೂಟರ್ ಬೇರೆ ಕೆಲಸದ ನಡುವೆ ಒಂದು ಮಿಡಿತವನ್ನು ಒಂದೇ ಒಂದು ಮಿಲಿಸೆಕೆಂಡು ತಡಮಾಡಿತು ಎನ್ನಿ. ಆ ಒಂದನ್ನೇ ನಂಬಿ ಲೆಕ್ಕ ಹಾಕುವ ಪೆಡಲ್ಲಿಗೆ ವೇಗ 114.5 ಎಂದು ತೋರುತ್ತದೆ. ಮುಂದಿನದಕ್ಕೆ ಮತ್ತೆ ಮೇಲೆ. ಮರುದನಿ ನಡುಗತೊಡಗುತ್ತದೆ. ಹಾಗಾಗಿ ಯಂತ್ರ ಹತ್ತಾರು ಮಿಡಿತಗಳ ಸರಾಸರಿ ತೆಗೆಯಬೇಕು. ಹೆಚ್ಚು ಮಿಡಿತ ಕೂಡಿಸಿಕೊಂಡಷ್ಟೂ ನಡುಕ ಕಡಿಮೆ, ಆದರೆ ನಿಜವಾಗಿಯೂ ವೇಗ ಬದಲಾದಾಗ ಅದಕ್ಕೆ ತಿಳಿಯುವುದು ಅಷ್ಟೇ ತಡ. ಮದ್ದಳೆಯವರಿಗೂ ಇದೇ ಪರೀಕ್ಷೆ. ಭಾಗವತರ ಕೈ ಒಮ್ಮೆ ತಪ್ಪಿ ತೂಗಿದರೆ ಅದನ್ನು ಹಿಂಬಾಲಿಸಬಾರದು, ಬೇಕೆಂದೇ ಕಾಲ ಏರಿಸಿದರೆ ತಕ್ಷಣ ಹಿಂಬಾಲಿಸಬೇಕು. ಯಾವುದು ಯಾವುದೆಂದು ಮನುಷ್ಯ ಮುಖ ನೋಡಿ ಅರಿಯುತ್ತಾನೆ. 2020ರಲ್ಲಿ ಬಂದ ಮಿಡಿ 2.0 ಪ್ರತಿ ಸಂದೇಶದ ಜೊತೆ ಹೊರಟ ಗಳಿಗೆಯನ್ನೂ ಬರೆದು ಕಳುಹಿಸಲು ದಾರಿ ಮಾಡಿಕೊಟ್ಟಿದೆ. ದಾರಿಯಲ್ಲಾದ ತಡವನ್ನು ತಲುಪಿದ ಮೇಲೆ ಕಳೆದುಕೊಳ್ಳಬಹುದು.

ಕಂಪ್ಯೂಟರಿನ ಒಳಗೇ ಇರುವ ಎಫೆಕ್ಟ್‌ಗಳಿಗೆ ಈ ತಾಪತ್ರಯ ಇಲ್ಲ. ಹಾಡನ್ನು ನಡೆಸುವ ತಂತ್ರಾಂಶ ದನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕೊಡುತ್ತದೆ. 128 ಅಂಕೆಗಳ ಕಂತಾದರೆ ಸುಮಾರು 3 ಮಿಲಿಸೆಕೆಂಡಿಗೆ ಒಂದು. ಕಂತಿನ ಜೊತೆಗೇ ಈಗಿನ ವೇಗ ಇಷ್ಟು, ಹಾಡಿನಲ್ಲಿ ನಾವಿರುವ ಜಾಗ ಇದು ಎಂಬ ಚೀಟಿಯನ್ನೂ ಎಫೆಕ್ಟ್ ಓದಿಕೊಳ್ಳಬಹುದು. ಹಾಡನ್ನು ನಡುವಿನಿಂದ ಶುರುಮಾಡಿದರೂ ಟ್ರೆಮೊಲೊದ ಅಲೆ ಎಲ್ಲಿರಬೇಕೋ ಅಲ್ಲೇ ಇರುತ್ತದೆ. ಸ್ಟುಡಿಯೊದಲ್ಲಿ ಕೂತವರಿಗೆ ಸಮದ ಚಿಂತೆ ಬರದಿರುವುದು ಇದರಿಂದ. ಅವರು ವೇದಿಕೆಗೆ ಬಂದಾಗ ಕಷ್ಟಪಡುವುದೂ ಇದರಿಂದಲೇ.

2016ರಲ್ಲಿ ಬರ್ಲಿನ್ನಿನ ಏಬಲ್‌ಟನ್ ಕಂಪನಿ ಲಿಂಕ್ ಎಂಬ ಇನ್ನೊಂದು ರೀತಿ ತಂದಿತು. ಒಂದೇ ವೈಫೈ ಜಾಲದಲ್ಲಿರುವ ಲ್ಯಾಪ್‌ಟಾಪು, ಫೋನು, ಟ್ಯಾಬ್ಲೆಟ್ಟುಗಳು ಕೇಬಲ್ಲಿಲ್ಲದೆ ಒಂದೇ ತಾಳಕ್ಕೆ ಬರುತ್ತವೆ. ಇಲ್ಲಿ ಭಾಗವತರಿಲ್ಲ. ಯಾರು ಬೇಕಾದರೂ ವೇಗ ಬದಲಿಸಬಹುದು, ಉಳಿದವರೆಲ್ಲ ಒಪ್ಪುತ್ತಾರೆ. ಹೊಸದಾಗಿ ಬಂದವರು ಆಗಲೇ ನಡೆಯುತ್ತಿರುವ ಆವರ್ತದ ಸಮಕ್ಕೆ ಕಾದು ಸೇರಿಕೊಳ್ಳುತ್ತಾರೆ. ಒಬ್ಬರು ಎದ್ದುಹೋದರೂ ತಾಳ ನಿಲ್ಲುವುದಿಲ್ಲ. ಶನಿವಾರದ ಭಜನೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರ ಕೈಯಲ್ಲೂ ತಾಳ, ತಡವಾಗಿ ಬಂದವರು ಚಪ್ಪಲಿ ಬಿಟ್ಟು ಒಳಗೆ ಕೂತು ಒಂದು ಸುತ್ತು ಕೇಳಿ ಕೈ ಸೇರಿಸುತ್ತಾರೆ. ಇಲ್ಲಿ ಹರಿದಾಡುವುದು ವೇಗದ ಅಂಕೆ ಮಾತ್ರವಲ್ಲ, ಎಷ್ಟನೆಯ ಬೀಟು, ಆವರ್ತದಲ್ಲಿ ಯಾವ ಜಾಗ ಎಂಬುದೂ ಹೌದು. ದೊಡ್ಡಪ್ಪನ ಪ್ರಶ್ನೆಗೆ ನಾನು ಕಂಡ ಉತ್ತರಗಳಲ್ಲಿ ಬಹಳ ಪೂರ್ಣವಾದದ್ದು ಇದೇ.

ಹಾಗಿದ್ದೂ ನಮ್ಮ ತಂಡದಲ್ಲಿ ನಾವು ಭಾಗವತರ ಪದ್ಧತಿಯನ್ನೇ ಇಟ್ಟುಕೊಂಡೆವು. ಹಬ್ಬದ ವೇದಿಕೆಯಲ್ಲಿ, ನೂರಾರು ಫೋನುಗಳ ನಡುವೆ, ತಾಳವನ್ನು ವೈಫೈಗೆ ಒಪ್ಪಿಸಲು ನನಗೆ ಧೈರ್ಯ ಸಾಲದು. ಅದಕ್ಕಿಂತ ದೊಡ್ಡ ಕಾರಣ ಬೇರೆ. ಗಡಿಯಾರ ಯಾರ ಬಳಿ ಇರಬೇಕು ಎಂಬುದು ಸಂಗೀತದ ಪ್ರಶ್ನೆ. ಲ್ಯಾಪ್‌ಟಾಪಿನಲ್ಲಿ ಗಡಿಯಾರ ಇಟ್ಟು ಪ್ಯಾಡ್ ಬಾರಿಸುವವನ ಕಿವಿಗೆ ಕ್ಲಿಕ್ ಹಾಕುವ ತಂಡಗಳೇ ಈಗ ಹೆಚ್ಚು. ಹಾಗೆ ಮಾಡಿದರೆ ಎಲ್ಲ ಎಫೆಕ್ಟ್‌ಗಳೂ ಅಚ್ಚುಕಟ್ಟು, ಆದರೆ ಎದ್ದು ಕುಣಿಯುವ ಹುಡುಗರನ್ನು ಕಂಡು ಕೈಗೆ ಬರುವ ಹುರುಪಿಗೆ ಅಲ್ಲಿ ಜಾಗವಿಲ್ಲ. ಆ ನಾಲ್ಕು ಬೀಟಿನ ಏರಿಕೆ ತಪ್ಪಾಗಿರಲಿಲ್ಲ, ಹಾಡಿಗೆ ಅದು ಬೇಕಿತ್ತು. ತಪ್ಪಿದ್ದದ್ದು ಅದು ನನ್ನ ಪೆಟ್ಟಿಗೆಗೆ ತಿಳಿಯದೆ ಹೋದದ್ದು.

ಈಗ ತಟ್ಟುವ ಗುಂಡಿ ನನ್ನ ಕಾಲಬುಡದಲ್ಲಿಲ್ಲ. ಪ್ಯಾಡ್ ಬಾರಿಸುವವನ ಎಡಗಾಲಿನ ಬಳಿ ಇದೆ. ಅವನು ತಟ್ಟಿದ್ದು ಒಂದು ಚಿಕ್ಕ ಗಡಿಯಾರದ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಮಿಡಿ ಕೇಬಲ್ಲಿನಲ್ಲಿ ವೇದಿಕೆ ದಾಟಿ ನನ್ನ ಡಿಲೇಗೂ ಕೀಬೋರ್ಡಿಗೂ ಬರುತ್ತದೆ. ವೇಗ ಏರಿದೆ ಎನಿಸಿದಾಗ ಪಲ್ಲವಿಗೆ ಮೊದಲಿನ ಒಂದು ಆವರ್ತ ಅವನು ಮತ್ತೆ ತಟ್ಟುತ್ತಾನೆ. ಕಾಲಿಗೆ ಹಾಗೆ ಬಿಡುವು ಮಾಡಿಕೊಳ್ಳಲು ಅವನಿಗೆ ಎರಡು ತಿಂಗಳ ಅಭ್ಯಾಸ ಬೇಕಾಯಿತು.

ದೊಡ್ಡಪ್ಪ ಒಮ್ಮೆ ನಮ್ಮ ಅಭ್ಯಾಸಕ್ಕೆ ಬಂದು ಕೂತರು. ಹಾಡು ಮುಗಿದು, ಎಲ್ಲರೂ ಕೈ ತೆಗೆದ ಮೇಲೂ ನನ್ನ ಮರುದನಿ ಮೂರು ಸಲ ತಾಳಕ್ಕೆ ಸರಿಯಾಗಿ ಬಡಿದು ಅಡಗಿತು. "ತಾಳ ಕೇಳ್ತಾ ಇದೆ ಅವನಿಗೆ. ಮುಕ್ತಾಯ ಗೊತ್ತಿಲ್ಲ," ಎಂದರು. ಗಿಟಾರ್ ಪೆಟ್ಟಿಗೆಯ ಮೇಲೆ ಬೆರಳಿನಿಂದ ಮುಕ್ತಾಯ ಬಾರಿಸಿ, ಎಲ್ಲಿ ಕೈ ಹಗುರ ಮಾಡಬೇಕೆಂದು ತೋರಿಸಿದರು. ಕೊನೆಯ ಆವರ್ತ ಬರುತ್ತಿದ್ದಂತೆ ಮರುದನಿಯ ನಾಬನ್ನು ಕಾಲಿನ ಹೆಬ್ಬೆರಳಿನಿಂದ ಅರ್ಧಕ್ಕೆ, ಆಮೇಲೆ ಪೂರ್ತಿ ಕೆಳಕ್ಕೆ ತಿರುಗಿಸುವುದನ್ನು ಈಗ ಅಭ್ಯಾಸ ಮಾಡುತ್ತಿದ್ದೇನೆ. ಅದಕ್ಕೆ ಚಪ್ಪಲಿ ಬಿಟ್ಟು ನಿಲ್ಲಬೇಕು.